ಗುರುವಾರದ ಕೌದಿ

ಪ್ರೀತಿಯ ಮಕ್ಕಳೇ,

ಮಕ್ಕಳೇ ಎಂದು ಕರೆದೆನೆಂದು ಬೇಸರ ಮಾಡಿಕೊಳ್ಳಬೇಡಿ. ನಿಮ್ಮಲ್ಲಿ ಹಲವರು ಈಗ ಹಿಂಜವಡಿಯ ಕಂಪನಿಗಳಲ್ಲಿ ದೊಡ್ಡ ದೊಡ್ಡ ಕೆಲಸದಲ್ಲಿದ್ದೀರಿ. ಆದರೆ ರಾಜ್ಯೋತ್ಸವದ ದಿನ ನಿಮಗೆ ಓಬವ್ವನ ವೇಷ ಹಾಕಿ, ನೆರಿಗೆಗೆ ಪಿನ್ನು ಚುಚ್ಚಿ, ವೇದಿಕೆಯ ಪಕ್ಕದಲ್ಲಿ ನಿಂತು ನೀವು ಮರೆತ ಮಾತುಗಳನ್ನು ಪಿಸುಗುಟ್ಟಿದವರಲ್ಲಿ ನಾನೂ ಒಬ್ಬಳು. ಆ ಸಲಿಗೆಯಿಂದ ಬರೆಯುತ್ತಿದ್ದೇನೆ.

ಕಳೆದ ಚಳಿಗಾಲದಲ್ಲಿ ನಿಮ್ಮ ವಯಸ್ಸಿನವಳೇ ಒಬ್ಬಳು, ನಮ್ಮ ಕಟ್ಟಡದ ಹುಡುಗಿ, ಯಾವುದೋ ಪಾರ್ಸೆಲ್ ಕೊಡಲು ಮನೆಗೆ ಬಂದಳು. ಹಾಲಿನ ನೆಲದ ಮೇಲೆ ಅರ್ಧ ಹೊಲಿದ ಕೌದಿ ಹಾಸಿತ್ತು. ನೋಡಿದವಳೇ, "ಆಂಟಿ, ಎಷ್ಟು ಚೆನ್ನಾಗಿದೆ ಈ ಪ್ಯಾಚ್‌ವರ್ಕ್ ಕ್ವಿಲ್ಟ್! ಎಲ್ಲಿಂದ ತರಿಸಿದ್ರಿ?" ಎಂದಳು. ನಾನು ನಕ್ಕು, "ಇದಕ್ಕೆ ಕೌದಿ ಅಂತಾರೆ ಕಣೇ. ನಿನ್ನ ಅಜ್ಜಿಯೇ ಇಂಥವು ಎಷ್ಟು ಹೊಲಿದಿದ್ದಾರೋ, ಕೇಳಿ ನೋಡು" ಎಂದೆ. ಅವಳು ಹೋದ ಮೇಲೆ ನನ್ನ ನಗು ನಿಂತಿತು. ಅವಳಿಗೆ ಕೌದಿಯ ಹೆಸರು ತಿಳಿಯದಿದ್ದುದು ಅವಳ ತಪ್ಪಲ್ಲ. ಹೆಸರು ತಿಳಿದೂ, ಬೆಲೆ ತಿಳಿದೂ ಅದನ್ನು ಅಟ್ಟದ ಮೇಲೆ ಬಚ್ಚಿಟ್ಟವಳು ನಾನು. ಮೊದಲು ಅದನ್ನೇ ಹೇಳಿಬಿಡುತ್ತೇನೆ.

ಧಾರವಾಡದಲ್ಲಿ ಇಂಗ್ಲಿಷ್ ವಿಷಯ ತೆಗೆದುಕೊಂಡು ಬಿ.ಎ. ಮುಗಿಸಿದ ನಾನು 1993ರಲ್ಲಿ ಮದುವೆಯಾಗಿ ಪುಣೆಗೆ ಬಂದೆ. ಬರುವಾಗ ಅವ್ವ ನನ್ನ ಟ್ರಂಕಿನ ತಳದಲ್ಲಿ ಒಂದು ಕೌದಿ ಮಡಚಿ ಇಟ್ಟಿದ್ದಳು. ಅದರಲ್ಲಿ ಅಜ್ಜಿಯ ಎರಡು ಇಳಕಲ್ ಸೀರೆಗಳಿದ್ದವು, ಅಪ್ಪನ ಧೋತರವಿತ್ತು, ನಾನು ಒಂದನೆಯ ಇಯತ್ತೆಗೆ ಹಾಕಿಕೊಂಡು ಹೋಗಿದ್ದ ಹೂವಿನ ಫ್ರಾಕೂ ಇತ್ತು. ಅವ್ವ ಒಂದು ಬೇಸಿಗೆ ಪೂರ್ತಿ ಮಧ್ಯಾಹ್ನಗಳಲ್ಲಿ ಕುಳಿತು ಹೊಲಿದದ್ದು ಅದು. ನನಗೋ ನಾಚಿಕೆ! ಕೋಥರೂಡಿನ ಹೊಸ ಮನೆ, ಗಂಡನ ಆಫೀಸಿನವರು ಬಂದು ಹೋಗುವ ಮನೆ. ತುಂಡು ಬಟ್ಟೆಗಳ ಹೊದಿಕೆ ಹಾಸಿಗೆಯ ಮೇಲೆ ಕಂಡರೆ ಬಡವರ ಮನೆಯವಳು ಎಂದಾರು ಎಂಬ ಅಂಜಿಕೆ. ಸೋಲಾಪುರದ ಚಾದರು ಕೊಂಡು ತಂದೆ. ಕೌದಿ ಅಟ್ಟ ಸೇರಿತು.

1996ರ ಡಿಸೆಂಬರಿನಲ್ಲಿ ಅವ್ವ ನಮ್ಮಲ್ಲಿಗೆ ಬಂದಿದ್ದಳು. ಪುಣೆಯ ಡಿಸೆಂಬರ್ ಚಳಿ ನಿಮಗೆ ಗೊತ್ತೇ ಇದೆ. ರಾತ್ರಿ ಮಲಗುವ ಹೊತ್ತಿಗೆ ಕೇಳಿದಳು: "ಆ ಕೌದಿ ಎಲ್ಲಿ ಇಟ್ಟೀಯವ್ವಾ?"

"ಅಟ್ಟದ ಮ್ಯಾಲೆ ಐತಿ, ಧೂಳಾಗೈತಿ. ಈ ಚಾದರ ಹೊಚ್ಚಿಕೋ, ಭಾಳ ಛಲೋ ಐತಿ" ಎಂದೆ.

ಅವ್ವ ಚಾದರಿನ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದಳು. "ಹೂಂ, ಛಲೋ ಐತಿ" ಎಂದು ಮಲಗಿದಳು. ಮತ್ತೆಂದೂ ಆ ಕೌದಿಯ ಸುದ್ದಿ ತೆಗೆಯಲಿಲ್ಲ. 2011ರಲ್ಲಿ ಅವಳು ತೀರಿಕೊಂಡಾಗಲೂ ಅದು ಅಟ್ಟದ ಮೇಲೆಯೇ ಇತ್ತು.

ನನ್ನ ಮಗಳು ಕಾಲೇಜಿನಲ್ಲಿದ್ದಾಗ ಒಮ್ಮೆ ಅವಳ ಪಠ್ಯಪುಸ್ತಕದಲ್ಲಿ ಅಮೆರಿಕದ ಲೇಖಕಿ ಆಲಿಸ್ ವಾಕರ್ ಅವರ 'ಎವ್ರಿಡೇ ಯೂಸ್' ಎಂಬ ಕತೆ ಓದಿದೆ. 1973ರಲ್ಲಿ ಪ್ರಕಟವಾದ ಕತೆ. ಅಜ್ಜಿಯ ಕಾಲದ ಕೌದಿಗಳನ್ನು ಹಳೇ ಕಾಲದವು ಎಂದು ಒಮ್ಮೆ ಬೇಡವೆಂದಿದ್ದ ಓದಿದ ಮಗಳು, ಆಮೇಲೆ ಅವಕ್ಕೆ ಬೆಲೆ ಬಂದಾಗ ಗೋಡೆಗೆ ತೂಗುಹಾಕಲು ಕೇಳಿಕೊಂಡು ಬರುತ್ತಾಳೆ. ತಾಯಿ ಅವನ್ನು ದಿನನಿತ್ಯ ಹೊದೆಯುವ ಇನ್ನೊಬ್ಬ ಮಗಳಿಗೆ ಕೊಡುತ್ತಾಳೆ. ಅಡಿಗೆಮನೆಯಲ್ಲಿ ನಿಂತುಕೊಂಡೇ ಓದಿ ಮುಗಿಸಿದೆ. ಅನ್ನ ಸೀದು ಹೋಯಿತು. ಎಲ್ಲಿಯ ಜಾರ್ಜಿಯಾ, ಎಲ್ಲಿಯ ಧಾರವಾಡ! ಆ ಓದಿದ ಮಗಳು ನಾನೇ ಅಲ್ಲವೇ ಎನಿಸಿತು. ಆದರೂ ಅಟ್ಟ ಹತ್ತಲಿಲ್ಲ.

ಕೌದಿ ಎಂದರೇನೆಂದು ಸ್ವಲ್ಪ ಹೇಳುತ್ತೇನೆ. ಉಟ್ಟು ಹಳೆಯದಾದ ಸೀರೆ, ಧೋತರಗಳನ್ನು ಒಂದರ ಮೇಲೊಂದು ಹಾಸಿ, ನಡುವೆ ತುಂಡುಗಳನ್ನು ಪದರ ಪದರವಾಗಿ ಹರವಿ, ಎಲ್ಲವನ್ನೂ ಸೇರಿಸಿ ಸಾಲುಸಾಲಾಗಿ ಕೈಯಿಂದ ಹೊಲಿದ ಹೊದಿಕೆ. ಹಾಸಲೂ ಆಗುತ್ತದೆ, ಹೊದೆಯಲೂ ಆಗುತ್ತದೆ. ಪದರಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಮೈಯ ಶಾಖವನ್ನು ಹೊರಗೆ ಬಿಡದೆ ಕಾಯುತ್ತದೆ. ನೂರಾರು ಸಲ ಒಗೆದ ಹತ್ತಿಬಟ್ಟೆಯ ಮೃದುತ್ವ ಹೊಸ ಬಟ್ಟೆಗೆ ಎಲ್ಲಿಂದ ಬರಬೇಕು? ನಮ್ಮ ಕಡೆ ಕೌದಿ ಹೊಲಿಯುವ ಹೆಣ್ಣುಮಕ್ಕಳು ಊರಿಂದೂರಿಗೆ ಬರುತ್ತಿದ್ದರು. ಜೋಳವನ್ನೋ ರೊಕ್ಕವನ್ನೋ ಕೊಟ್ಟು ಹೊಲಿಸಿಕೊಳ್ಳುತ್ತಿದ್ದರು. ನಮ್ಮ ಅಜ್ಜಿ ಮಾತ್ರ ತಾನೇ ಹೊಲಿಯುತ್ತಿದ್ದಳು. ಅಂಚಿನಿಂದ ಸುತ್ತುತ್ತಾ ಸುತ್ತುತ್ತಾ ಒಳಗೆ ಬಂದು, ಕೊನೆಗೆ ನಡುವೆ ಅಂಗೈಯಷ್ಟು ಜಾಗ ಉಳಿದಾಗ ಅದರೊಳಗೆ ನಾಲ್ಕು ಅಕ್ಕಿಕಾಳು ಹಾಕಿ ಹೊಲಿಗೆ ಮುಚ್ಚುತ್ತಿದ್ದಳು. ಯಾಕೆಂದು ಕೇಳಿದರೆ, "ಅದಕ್ಕೂ ಉಡಿ ತುಂಬಬೇಕವ್ವಾ. ಹಸಿದ ಕೌದಿ ಬೆಚ್ಚಗಿಡಂಗಿಲ್ಲ" ಎನ್ನುವಳು.

ಇದು ನಮ್ಮದೊಂದೇ ಊರಿನ ಸಂಗತಿಯಲ್ಲ. ಮರಾಠಿಯವರ ಗೋಧಡಿ, ಬಂಗಾಳದ ಕಾಂಥಾ, ಬಿಹಾರದ ಸುಜನಿ ಎಲ್ಲವೂ ಅಕ್ಕತಂಗಿಯರೇ. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಡೆ ಸಿದ್ದಿ ಜನರಿದ್ದಾರೆ. ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ ಸಂತತಿ, ಈಗ ಕನ್ನಡ, ಕೊಂಕಣಿ ಮಾತಾಡುವ ನಮ್ಮವರೇ. ಅವರ ಹೆಂಗಸರು ಹೊಲಿಯುವ ಕೌದಿಗೆ ಕವಂದಿ ಎಂಬ ಹೆಸರಿದೆ. ಅವರೂ ಅಂಚಿನಿಂದ ಆರಂಭಿಸಿ ನಡುವಿಗೆ ಬರುತ್ತಾರೆ. ಬಟ್ಟೆಯ ತುಂಡುಗಳನ್ನು ಮಡಚಿ ಮಾಡಿದ ಹೂವನ್ನು ನಾಲ್ಕು ಮೂಲೆಗಳಿಗೂ ಕೂಡಿಸುತ್ತಾರೆ. ಅಮೆರಿಕದ ಹೆನ್ರಿ ಡ್ರೂವಲ್ ಎಂಬ ಪ್ರಾಧ್ಯಾಪಕರು ಅವರ ನಡುವೆ ಇದ್ದು ಅಧ್ಯಯನ ಮಾಡಿದರು. ಆ ಕವಂದಿಗಳು ಅಮೆರಿಕದಲ್ಲೂ ಪ್ರದರ್ಶನಗೊಂಡವು. ನಾವು ಅಟ್ಟಕ್ಕೆಸೆದದ್ದನ್ನು ದೂರದ ಜನ ಸಾಲುಗಟ್ಟಿ ನಿಂತು ನೋಡಿದರು!

ಇನ್ನು ನಮ್ಮ ಕೂಟ ಹುಟ್ಟಿದ ಕತೆಗೆ ಬರುತ್ತೇನೆ. ಅದು ಹುಟ್ಟಿದ್ದು ಒಂದು ಅವಮಾನದಿಂದ.

2019ರ ಆಗಸ್ಟ್ ನಿಮಗೆ ನೆನಪಿರಬಹುದು. ಸಾಂಗಲಿ, ಕೊಲ್ಹಾಪುರಗಳು ನೀರಿನಲ್ಲಿ ಮುಳುಗಿದವು. ಪುಣೆ–ಬೆಂಗಳೂರು ಹೆದ್ದಾರಿ ಕೊಲ್ಹಾಪುರದ ಬಳಿ ಹಲವು ದಿನ ಬಂದ್ ಆಯಿತು. ನಮ್ಮ ಪುಣೆಗೆ ಹತ್ತಿರದ ಮಹಾಬಳೇಶ್ವರದಲ್ಲಿ ಹುಟ್ಟುವ ಕೃಷ್ಣೆಯೇ ಸಾಂಗಲಿಯನ್ನು ದಾಟಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳಿಗೆ ನುಗ್ಗಿದಳು. ಘಟಪ್ರಭೆ, ಮಲಪ್ರಭೆಯರೂ ಸೊಕ್ಕಿದರು. ನಮ್ಮ ಸಂಘದವರು ಅಕ್ಕಿ, ಬೇಳೆ, ಬಟ್ಟೆ ಒಟ್ಟುಗೂಡಿಸಿದರು. ಹೆಂಗಸರಾದ ನಾವು ಐದಾರು ಮಂದಿ, ಹೊದಿಕೆಗಳನ್ನೂ ಕೊಡೋಣ ಎಂದು ಹೊರಟೆವು. ನಾಲ್ಕೇ ದಿನದಲ್ಲಿ ಮನೆಯಲ್ಲಿದ್ದ ಹಳೆಯ ಪರದೆ, ನೈಲಾನ್ ಸೀರೆ, ಪ್ಯಾಂಟು, ಟೀಶರ್ಟು, ಕೈಗೆ ಸಿಕ್ಕಿದ್ದನ್ನೆಲ್ಲಾ ಪೇರಿಸಿ ಮಷೀನಿನಲ್ಲಿ ಗಡಗಡ ಹೊಲಿದು ಒಂಬತ್ತು ಕೌದಿ ಸಿದ್ಧ ಮಾಡಿದೆವು. ಫೋಟೋ ತೆಗೆಸಿಕೊಂಡೆವು. ಮನೆ ಖಾಲಿಯಾದ ಸಂತೋಷವೋ, ದಾನ ಮಾಡಿದ ಸಂತೋಷವೋ, ನಮಗೇ ಗೊತ್ತಿರಲಿಲ್ಲ.

ನೀರು ಇಳಿದ ಮೇಲೆ ಲಾರಿಯ ಹಿಂದೆ ನಾವು ಮೂವರು ಜೀಪಿನಲ್ಲಿ ಅಥಣಿ ತಾಲೂಕಿನ ಒಂದು ಹಳ್ಳಿಗೆ ಹೋದೆವು. ಶಾಲೆಯ ವರಾಂಡದಲ್ಲಿ ಜನ ಇದ್ದರು. ನನ್ನ ವಯಸ್ಸಿನವಳೇ ಒಬ್ಬಾಕೆಗೆ ಕೌದಿ ಕೊಟ್ಟೆ. ಆಕೆ ಬಿಡಿಸಿ ನೋಡಿದಳು. ಬೆರಳಿಗೆ ಏನೋ ಗಟ್ಟಿಯಾಗಿ ತಾಗಿತು. ಒಳಗಿನ ಪದರದಲ್ಲಿ ಹಳೆಯ ಪ್ಯಾಂಟಿನ ಜಿಪ್ಪು ಹಾಗೆಯೇ ಉಳಿದಿತ್ತು! ಆಕೆ ಸಿಟ್ಟಾಗಲಿಲ್ಲ. ಮೆಲ್ಲಗೆ ಹೇಳಿದಳು: "ಅಕ್ಕಾರ, ನಮ್ಮ ಮನ್ಯಾಗ ಹನ್ನೆರಡು ಕೌದಿ ಇದ್ದುವ್ರಿ. ನಮ್ಮವ್ವ ಹೊಲಿದದ್ದು, ನಮ್ಮತ್ತಿ ಹೊಲಿದದ್ದು. ಎಲ್ಲಾ ಹೊಳಿ ಒಯ್ತು. ಇದು ಕೌದಿ ಅಲ್ರಿ. ಇದು ಚಿಂದಿ."

ಹಾಗೆಂದು ಬೇಡವೆನ್ನಲಿಲ್ಲ. ದೂರ ಬಂದವರ ಮನಸ್ಸು ನೋಯಿಸಬಾರದೆಂದೋ ಏನೋ, ಇಸಿದುಕೊಂಡು ಎರಡೂ ಕೈ ಮುಗಿದಳು. ನಾವು ಹೊರಡುವಾಗ ನೋಡಿದೆ. ಮಳೆಯಲ್ಲಿ ನಡುಗುತ್ತಿದ್ದ ಕರುವಿನ ಬೆನ್ನಿಗೆ ಅದನ್ನು ಹೊದಿಸಿ ಕಟ್ಟಿದ್ದಳು. ಸರಿಯಾದ ಜಾಗವೇ ಸಿಕ್ಕಿತ್ತು ಅದಕ್ಕೆ.

ಬರುವಾಗ ಜೀಪಿನಲ್ಲಿ ಯಾರೂ ಮಾತಾಡಲಿಲ್ಲ. ಸಾತಾರಾ ದಾಟಿದ ಮೇಲೆ ವಿಜಯಪುರದ ವೈನಿ, ನಮ್ಮೆಲ್ಲರಿಗಿಂತ ಹಿರಿಯರು, "ಆಕಿ ಖರೇನ ಹೇಳ್ಯಾಳ. ನಾವು ಕೊಟ್ಟಿದ್ದು ನಮಗ ಬ್ಯಾಡಾಗಿದ್ದು. ಹೊಲಿದಿದ್ದು ನಮ್ಮ ಪುಣ್ಯಕ್ಕ, ಆಕಿ ಚಳಿಗಲ್ಲ" ಎಂದರು. ಆ ರಾತ್ರಿ ಮನೆಗೆ ಬಂದು, ಸ್ಟೂಲು ಹಾಕಿಕೊಂಡು ಅಟ್ಟ ಹತ್ತಿದೆ. ಅವ್ವನ ಕೌದಿ ಇಳಿಸಿದೆ. ಇಪ್ಪತ್ತಾರು ವರ್ಷವಾಗಿದ್ದರೂ ಒಂದು ಹೊಲಿಗೆ ಬಿಟ್ಟಿರಲಿಲ್ಲ. ಬೆರಳು ಆಡಿಸಿದರೆ ಎಲ್ಲಿಯೂ ಗಂಟಿಲ್ಲ, ಗುಂಡಿಯಿಲ್ಲ. ಅದನ್ನು ಹೊದ್ದುಕೊಂಡು ಅತ್ತೆ. ನಮ್ಮ ಮನೆಯವರು ಏನಾಯಿತೆಂದು ಕೇಳಿ, ಉತ್ತರ ಸಿಗದೆ, ಚಹಾ ಮಾಡಿ ತಂದರು.

ಮುಂದಿನ ವಾರವೇ ನಾವು ಕೂಡಿದೆವು. ಏಳು ಮಂದಿ. ವಿಜಯಪುರದ ವೈನಿ, ಉಡುಪಿಯ ಗೆಳತಿ, ನಿವೃತ್ತಿಯಾಗಿ ಮಗನ ಮನೆಗೆ ಬಂದಿದ್ದ ಮೈಸೂರಿನ ಟೀಚರ್, ಕಲಬುರಗಿಯ ಅಕ್ಕತಂಗಿಯರು, ನಾನು, ಮತ್ತು ನಮ್ಮ ಪಕ್ಕದ ಮನೆಯ ಮರಾಠಿ ಕಾಕೂ. ಕಾಕೂಗೆ ಕನ್ನಡ ಬಾರದು. ಆದರೆ ಗೋಧಡಿ ಹೊಲಿಯುವುದರಲ್ಲಿ ನಮಗೆಲ್ಲ ಅವರೇ ಗುರು. ದಿನ ಗುರುವಾರ. ನಮ್ಮೂರಿನಲ್ಲಿ "ಗುರುವಾರ ನೀರು ಬಂದ್" ಎಂಬ ನೋಟೀಸು ಎಷ್ಟು ಸಲ ಬರುತ್ತದೆಂದು ನಿಮಗೂ ಗೊತ್ತು. ಒಗೆಯುವ ಕೆಲಸವಿಲ್ಲದ ದಿನ ಹೊಲಿಯೋಣ ಎಂದೆವು.

ಪರಿಚಯದ ವೈದ್ಯರೊಬ್ಬರ ಮೂಲಕ ಒಂದು ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನ ಸಿಸ್ಟರ್ ಅವರನ್ನು ಕಂಡೆವು. ಕೆಲಸ ಹುಡುಕಿಕೊಂಡು ಊರು ಬಿಟ್ಟು ಬಂದ, ಕಟ್ಟಡದ ಕೆಲಸದ ಹೆಣ್ಣುಮಕ್ಕಳು ಅಲ್ಲಿ ಹೆರುತ್ತಾರೆ. ತವರಿನಿಂದ ಕುಂಚಿಗೆ, ಕೌದಿ ತರುವವರು ಯಾರೂ ಇರುವುದಿಲ್ಲ. ಈ ಸಲ ನಾವು ಮೊದಲು ಕೇಳಿದೆವು: "ನಿಮಗೆ ಎಂಥದ್ದು ಬೇಕು?" ಆ ಸಿಸ್ಟರ್ ಹೇಳಿದ್ದು ಒಂದೊಂದೂ ಪಾಠ. ಅಳತೆ ಒಂದು ಗಜದ ಚೌಕ ಸಾಕು. ಮೂರೇ ಪದರ ಇರಲಿ, ಬೇಗ ಒಣಗಬೇಕು. ಶುದ್ಧ ಹತ್ತಿಯೇ ಆಗಬೇಕು. ಗುಂಡಿ, ಹುಕ್ಕು, ಜರಿ, ದಾರದ ಕುಚ್ಚು ಯಾವುದೂ ಬೇಡ, ಕೂಸಿನ ಕತ್ತಿಗೆ ಬೆರಳಿಗೆ ಸುತ್ತಿಕೊಳ್ಳುತ್ತದೆ. ಮಗುವಿನ ಕೆಳಗೆ ಹಾಸಲು, ಎತ್ತಿಕೊಳ್ಳುವಾಗ ಸುತ್ತಲು ಕೌದಿ ಸರಿ, ಮಲಗಿದ ಮಗುವಿನ ಮುಖದ ಮೇಲೆ ಎಂದೂ ಬರಬಾರದು. ಇದಿಷ್ಟು ನಮಗೂ ಅರ್ಥವಾಗುವ ಮಾತು. ಕೊನೆಯದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಟ್ರಂಕಿನಲ್ಲಿ ಡಾಂಬರು ಗುಳಿಗೆ ಹಾಕಿ ಇಟ್ಟ ಸೀರೆಯನ್ನು ಹಾಗೆಯೇ ತರಬಾರದಂತೆ. ಕೆಲವು ಕೂಸುಗಳಿಗೆ ಹುಟ್ಟಿನಿಂದಲೇ ಜಿ-6-ಪಿಡಿ ಎಂಬ ಕಿಣ್ವದ ಕೊರತೆ ಇರುತ್ತದೆ. ಅಂಥವಕ್ಕೆ ಆ ಗುಳಿಗೆಯ ವಾಸನೆಯಿಂದಲೇ ರಕ್ತಕಣಗಳು ಒಡೆದು ಕಾಮಾಲೆ ಏರಬಹುದು. ಪ್ರೀತಿಯಿಂದ ಕೊಟ್ಟದ್ದೂ ಹೀಗೆ ವಿಷವಾದೀತು, ನೋಡಿ. ಅಂದಿನಿಂದ ಗುಳಿಗೆ ಹಾಕಿದ ಬಟ್ಟೆ ಕೂಸಿನ ಕೌದಿಗೆ ಬೇಡವೆಂದು ನಿಯಮ ಮಾಡಿದೆವು. ನಮ್ಮ ಬಟ್ಟೆಯ ಗಂಟುಗಳಿಗೆ ಈಗ ಒಣಗಿದ ಬೇವಿನ ಎಲೆಯೇ ಗತಿ.

ಬಂದ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಸಿ, ಒಗೆದು, ಎರಡು ದಿನ ಬಿಸಿಲಿಗೆ ಹಾಕುತ್ತೇವೆ. ಬೆಳಕಿಗೆ ಹಿಡಿದು ಜಳ್ಳಾದ ಜಾಗ ಕತ್ತರಿಸಿ ತೆಗೆಯುತ್ತೇವೆ. ಕೆಳಗೆ ಸೀರೆ, ನಡುವೆ ಧೋತರ, ಮೇಲೆ ಬಣ್ಣದ ತುಂಡು. ಇಳಕಲ್ಲಿನ ಕೆಂಪು ಸೆರಗು ಸಿಕ್ಕರೆ ಹಬ್ಬ, ಆದರೆ ಹತ್ತಿಯದೇ ಹೌದೋ ಎಂದು ನೋಡಿ ಅಂಚಿಗೆ ಹಾಕುತ್ತೇವೆ. ನಾಲ್ಕು ಮೂಲೆಗೆ ಹಿತ್ತಾಳೆಯ ಚೊಂಬು, ಕುಟ್ಟಾಣಿ ಇಟ್ಟು ಬಟ್ಟೆ ಸುಕ್ಕಾಗದಂತೆ ಎಳೆದು, ಮೊದಲು ದೂರದೂರ ಟಾಕು ಹಾಕಿ, ಆಮೇಲೆ ಸಣ್ಣ ಹೊಲಿಗೆಯ ಸಾಲು. ಬೆರಳಿಗೆ ಅಂಗುಸ್ತಾನ ಹಾಕಿಕೊಳ್ಳದಿದ್ದರೆ ಸೂಜಿಯ ಹಿಂಬದಿ ಬೆರಳನ್ನೇ ತೂತು ಮಾಡುತ್ತದೆ. ಮುಗಿದ ಮೇಲೆ ಒಂದು ಪರೀಕ್ಷೆ ಉಂಟು. ಕಣ್ಣು ಮುಚ್ಚಿ, ಕೌದಿಯನ್ನು ನಮ್ಮ ಕೆನ್ನೆಗೆ ಉಜ್ಜಿ ನೋಡಬೇಕು. ಎಲ್ಲಾದರೂ ಚುಚ್ಚಿದರೆ ಬಿಚ್ಚಿ ಮತ್ತೆ ಹೊಲಿಯಬೇಕು. ಇದು ಆ ಅಥಣಿಯ ತಾಯಿ ಕಲಿಸಿದ ಪರೀಕ್ಷೆ ಎಂದೇ ನಾವು ಹೇಳುವುದು. ಅಕ್ಕಿಕಾಳು ಕೂಸಿನ ಮೈಗೆ ಒತ್ತುತ್ತದೆಂದು ಈ ಕೌದಿಗಳಿಗೆ ಹಾಕುವುದಿಲ್ಲ. ಬದಲಿಗೆ ಕೊನೆಯ ಹೊಲಿಗೆಯನ್ನು ಏಳೂ ಜನ ಒಂದೊಂದು ಹಾಕುತ್ತೇವೆ.

ನಾವು ಏಳೂ ಜನ ಹಾಲು ಜೇನಿನಂತೆ ಇದ್ದೆವೆಂದು ತಿಳಿಯಬೇಡಿ. ಮೂರನೆಯ ತಿಂಗಳಿಗೇ ಜಗಳ ಬಿತ್ತು. ಮೈಸೂರಿನ ಟೀಚರ್, "ಇಷ್ಟು ನಿಧಾನ ಮಾಡಿದ್ರೆ ಹೇಗ್ರೀ? ಮಷೀನ್ ಇಡಿ, ವಾರಕ್ಕೆ ಇಪ್ಪತ್ತು ಮಾಡ್ಬೋದು" ಎಂದರು. ವೈನಿ, "ಮಷೀನಿಂದು ಕೌದಿ ಅಲ್ಲ. ಅಥಣಿಯೊಳಗ ಏನಾತು ಮರತ್ರೇನು?" ಎಂದರು. ಮಾತಿಗೆ ಮಾತು ಬೆಳೆದು, ಎರಡು ಗುರುವಾರ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. "ಅವರಿಗೆ ಕತ್ತರಿ ಕೊಡಲು ಹೇಳಿ" ಎಂದು ನನ್ನ ಮುಖಾಂತರ ಸಂದೇಶ! ಕೊನೆಗೆ ಜಗಳ ಬಿಡಿಸಿದ್ದು ಕನ್ನಡ ಬಾರದ ಕಾಕೂ. ಇಬ್ಬರ ಮಾತೂ ತಿಳಿಯದ್ದರಿಂದ ಅವರು ಯಾರ ಪಕ್ಷವನ್ನೂ ವಹಿಸಲಿಲ್ಲ. ಪೂರಣಪೋಳಿ ಮಾಡಿ ತಂದು, ಒಂದೇ ತಟ್ಟೆಯಲ್ಲಿ ಹಾಕಿ ಇಬ್ಬರ ನಡುವೆ ಇಟ್ಟರು. ಒಂದೇ ತಟ್ಟೆಯಿಂದ ತಿನ್ನುತ್ತಾ ಎಷ್ಟು ಹೊತ್ತು ಮುಖ ತಿರುಗಿಸಿಕೊಂಡು ಕೂಡಲಾದೀತು? ತುಂಡುಗಳನ್ನು ಜೋಡಿಸಲು ಮಷೀನು, ಪದರಗಳನ್ನು ಸೇರಿಸಲು ಕೈ ಎಂದು ರಾಜಿಯಾಯಿತು. ಇಂದಿಗೂ ಅದೇ ನಡೆದಿದೆ.

ಸಂಘದ ಕಾರ್ಯಕ್ರಮಗಳಲ್ಲಿ ನಾವು ಎಷ್ಟೋ ವರ್ಷ ಪಕ್ಕಪಕ್ಕದ ಕುರ್ಚಿಯಲ್ಲಿ ಕುಳಿತಿದ್ದೆವು. ನಮಸ್ಕಾರ, ಊಟವಾಯಿತಾ, ಮಗ ಏನು ಓದುತ್ತಾನೆ, ಇಷ್ಟೇ. ಹೊಲಿಯುವಾಗ ಕಣ್ಣು ಬಟ್ಟೆಯ ಮೇಲೆ ಇರುತ್ತದೆ, ಎದುರಿನವರ ಮುಖ ನೋಡಬೇಕಾಗಿಲ್ಲ. ಅದಕ್ಕೇ ಇರಬೇಕು, ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಯಾರ ಮಗಳ ಸಂಬಂಧ ಮುರಿಯಿತು, ಯಾರ ಗಂಡನಿಗೆ ಸಿಟ್ಟು ಹೆಚ್ಚು, ಯಾರು ಯಾವ ಪರೀಕ್ಷೆಯಲ್ಲಿ ನಪಾಸಾಗಿ ಓದು ಬಿಟ್ಟರು, ಎಲ್ಲವೂ ಆ ಪದರಗಳ ನಡುವೆ ಬಿದ್ದವು. ಅಲ್ಲಿಂದ ಹೊರಗೆ ಬರಲಿಲ್ಲ. ನನ್ನ ಅಟ್ಟದ ಕತೆಯನ್ನೂ ಮೊದಲು ಹೇಳಿದ್ದು ಅಲ್ಲಿಯೇ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದು ಗುರುವಾರಗಳು ನಿಂತವು. 2021ರ ಏಪ್ರಿಲಿನಲ್ಲಿ, ಎರಡನೆಯ ಅಲೆಯಲ್ಲಿ, ಉಡುಪಿಯ ಗೆಳತಿಯ ಯಜಮಾನರು ಕೊರೋನಾದಿಂದ ತೀರಿಕೊಂಡರು. ಆಸ್ಪತ್ರೆಗೆ ನಡೆದೇ ಹೋದವರು ಮನೆಗೆ ಬರಲಿಲ್ಲ. ಮಗಳು ವಿದೇಶದಲ್ಲಿ. ಗೆಳತಿ ಒಬ್ಬಳೇ, ಬಾಗಿಲು ಹಾಕಿದ ಮನೆಯಲ್ಲಿ. ಹೋಗಿ ಭುಜ ಹಿಡಿಯುವಂತಿಲ್ಲ, ಕೂಡಿ ಅಳುವಂತಿಲ್ಲ. ಫೋನಿನಲ್ಲಿ ಏನು ಹೇಳಿದರೂ ಸುಳ್ಳೆನಿಸುತ್ತಿತ್ತು.

ವೈನಿಯೇ ದಾರಿ ಹುಡುಕಿದರು. ತಮ್ಮದೊಂದು ಹಳೆಯ ಹತ್ತಿಯ ಸೀರೆಗೆ ಅಂಚು ಹೊಲಿದು, ಚೀಲದಲ್ಲಿ ಹಾಕಿ ವಾಚ್‌ಮನ್ ಕೈಯಲ್ಲಿ ನನಗೆ ಕಳಿಸಿದರು. ನಾನು ಎರಡು ದಿನ ಬಿಸಿಲಿಗೆ ಹಾಕಿ, ನನ್ನ ಸಾಲು ಹೊಲಿದು ಟೀಚರಿಗೆ ಕಳಿಸಿದೆ. ಹೀಗೆ ಆರು ಮನೆ ಸುತ್ತಿತು. ಪ್ರತಿಯೊಬ್ಬರೂ ತಮ್ಮ ಮನೆಯ ಒಂದು ತುಂಡು ಸೇರಿಸಿದರು. ಕಾಕೂ ತಮ್ಮ ಮದುವೆಯ ಕಾಲದ ನೂಲಿನ ನೌವಾರಿ ಸೀರೆಯ ಅಂಚನ್ನೇ ಕೊಟ್ಟರು. ಮೇ ತಿಂಗಳ ಕೊನೆಗೆ ಕೌದಿ ಮರಳಿ ವೈನಿಯ ಮನೆ ಸೇರಿತು. ಅವರು ನಡುವಿನ ಜಾಗದಲ್ಲಿ ನಾಲ್ಕು ಅಕ್ಕಿಕಾಳು ಹಾಕಿ ಮುಚ್ಚಿದರು. ಗೆಳತಿಯ ಮನೆಯ ಬಾಗಿಲ ಹಿಡಿಕೆಗೆ ಚೀಲ ತೂಗುಹಾಕಿ ಬಂದವಳು ನಾನು. ಬೆಲ್ ಒತ್ತಿ ಮೆಟ್ಟಿಲಿಳಿದು ಬಂದುಬಿಟ್ಟೆ.

ಮರುದಿನ ಬೆಳಿಗ್ಗೆ ಅವಳ ಫೋನು. "ತಿಂಗಳಾದ ಮೇಲೆ ನಿನ್ನೆ ನಿದ್ದೆ ಬಂತು ಮಾರಾಯ್ತಿ. ಲೈಟು ಹಾಕ್ಲಿಲ್ಲ. ಕೈ ಆಡಿಸಿದ್ರೆ ಯಾರ ಹೊಲಿಗೆ ಎಲ್ಲಿದೆ ಅಂತ ಗೊತ್ತಾಗ್ತದೆ. ಟೀಚರದ್ದು ಗೆರೆ ಎಳೆದ ಹಾಗೆ ನೇರ. ನಿಂದು ಸೊಟ್ಟ." ಇಬ್ಬರೂ ನಕ್ಕೆವು. ಆಮೇಲೆ ಇಬ್ಬರೂ ಅತ್ತೆವು.

ಆ ವರ್ಷದ ಡಿಸೆಂಬರಿನಲ್ಲಿ ಗುರುವಾರ ಮತ್ತೆ ಆರಂಭವಾಯಿತು. ಅವಳು ಬಂದಳು. ಕೈಯಲ್ಲಿ ಒಂದು ಚೀಲ. ಅದರಲ್ಲಿ ಯಜಮಾನರ ಹನ್ನೊಂದು ಹತ್ತಿಯ ಶರ್ಟುಗಳು, ಒಗೆದು ಇಸ್ತ್ರಿ ಮಾಡಿದವು. "ಇದರಲ್ಲಿ ಮಕ್ಕಳಿಗೆ ಹೊಲಿಯೋಣ" ಎಂದಳು. ಕತ್ತರಿ ನೆಲದ ಮೇಲೆ ಇತ್ತು. ಯಾರೂ ಮುಟ್ಟಲಿಲ್ಲ. ಅವಳೇ ಎತ್ತಿಕೊಂಡಳು, ಕೈ ನಡುಗಿತು. ಆಗ ವೈನಿ ಕತ್ತರಿಯನ್ನು ಮೆಲ್ಲಗೆ ಇಸಿದುಕೊಂಡು, "ಕತ್ತರಿ ಬ್ಯಾಡವಾ. ಹೊಲಿಗಿ ಬಿಚ್ಚೂಣು" ಎಂದರು. ಏಳು ಜನ ಸುತ್ತ ಕುಳಿತು ಸೂಜಿಯ ಮೊನೆಯಿಂದ ಒಂದೊಂದೇ ಹೊಲಿಗೆ ಬಿಚ್ಚಿದೆವು. ತೋಳು, ಬೆನ್ನು, ಎದೆ ಎಲ್ಲವೂ ಇಡಿಯಾಗಿ ಬಿಡಿಸಿಕೊಂಡವು. ಸಂಜೆಯಾಯಿತು. ಅವಳು ಅವರ ವಿಷಯ ಹೇಳುತ್ತಲೇ ಇದ್ದಳು, ನಾವು ಕೇಳುತ್ತಲೇ ಇದ್ದೆವು. ಆ ಶರ್ಟುಗಳಿಂದ ಆರು ಕೂಸುಗಳ ಕೌದಿ ಆದವು. ಆಸ್ಪತ್ರೆಗೆ ಅವಳೇ ಕೊಡಲು ಹೋದಳು. ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಹುಡುಗಿಯೊಬ್ಬಳು, ನಿಮ್ಮಲ್ಲಿ ಅನೇಕರಿಗಿಂತ ಚಿಕ್ಕವಳು, ನೀಲಿ ಗೆರೆಯ ಕೌದಿಯನ್ನು ಕೆನ್ನೆಗೆ ಒತ್ತಿಕೊಂಡು, "ಅಕ್ಕಾ, ಇದು ನಮ್ಮ ಕಡೀ ಕೌದಿ" ಎಂದಳಂತೆ. ಅಥಣಿಯಲ್ಲಿ ಕಳೆದುಕೊಂಡ ಮಾತು ಎರಡು ವರ್ಷದ ಮೇಲೆ ನಮಗೆ ಮರಳಿ ಸಿಕ್ಕಿತು.

ನಾವು ಮಾಡುವುದು ದೊಡ್ಡ ಕೆಲಸವೇನಲ್ಲ. ತಿಂಗಳಿಗೆ ಹತ್ತು, ಹೆಚ್ಚೆಂದರೆ ಹನ್ನೆರಡು ಕೌದಿ. ದೆಹಲಿಯಲ್ಲಿ 1999ರಲ್ಲಿ ಆರಂಭವಾದ ಗೂಂಜ್ ಸಂಸ್ಥೆಯವರು ಹಳೆಯ ಬಟ್ಟೆಯನ್ನು ದೇಶದ ಮೂಲೆಮೂಲೆಗೆ ಮುಟ್ಟಿಸುತ್ತಾರೆ, ಅದರಿಂದ ಸುಜನಿಗಳನ್ನೂ ಮಾಡಿಸುತ್ತಾರೆ. ಅವರ ಮುಂದೆ ನಮ್ಮದು ಹನಿ. ಆದರೆ ಒಂದು ಮಾತು ಅನುಭವದಿಂದ ಹೇಳಬಲ್ಲೆ. ಬೇಡವಾದದ್ದನ್ನು ಕೊಟ್ಟರೆ ಮನೆ ಹಗುರಾಗುತ್ತದೆ, ಅಷ್ಟೇ. ನಮ್ಮ ಹೊತ್ತನ್ನು ಹಾಕಿ, ನಮ್ಮ ಮಗುವನ್ನೇ ಮಲಗಿಸುವೆವು ಎಂಬಂತೆ ಮಾಡಿ ಕೊಟ್ಟರೆ, ಇಸಿದುಕೊಳ್ಳುವವರು ಕೈ ಮುಗಿಯಬೇಕಾಗಿಲ್ಲ. ಕೆನ್ನೆಗೆ ಒತ್ತಿಕೊಳ್ಳುತ್ತಾರೆ. ಹಾಗೆ ಮಾಡಲು ಕೂಡಿದ ಕೈಗಳು ಆಮೇಲೆ ಒಬ್ಬರನ್ನೊಬ್ಬರು ಬಿಡುವುದಿಲ್ಲ.

ಅವ್ವನ ಕೌದಿ ಈಗ ನನ್ನ ಹಾಸಿಗೆಯ ಮೇಲಿದೆ. ಗೋಡೆಗೆ ತೂಗುಹಾಕಿಲ್ಲ, ಅಟ್ಟಕ್ಕೂ ಹಾಕಿಲ್ಲ. ಹೊದ್ದು ಹೊದ್ದು ಒಂದು ಮೂಲೆ ಹರಿಯಿತು, ವೈನಿ ತೇಪೆ ಹಾಕಿಕೊಟ್ಟರು. ಅವ್ವನಿಗೆ ಆ ರಾತ್ರಿ ನಾನು ಕೊಡದೆಹೋದದ್ದನ್ನು ಇನ್ನು ಕೊಡಲಾರೆ. ನಿಮ್ಮಲ್ಲಿ ಎಷ್ಟೋ ಮಂದಿಗೆ ಇನ್ನೂ ಕಾಲ ಮೀರಿಲ್ಲ. ಮನೆಗೆ ಹೋಗಿ ಅಟ್ಟ ನೋಡಿ. ಅಜ್ಜಿಯಿದ್ದರೆ ಕೇಳಿ, ಯಾವ ತುಂಡು ಯಾರದೆಂದು. ಈ ಚಳಿಗಾಲದಲ್ಲಿ ಅದನ್ನೇ ಅವರಿಗೆ ಹೊದಿಸಿ.

ಮತ್ತೊಂದು ಬೇಡಿಕೆ ಇದೆ. ಪ್ರತಿ ತಿಂಗಳ ಮೊದಲನೆಯ ಭಾನುವಾರ ಮಧ್ಯಾಹ್ನ ಮೂರಕ್ಕೆ ನಾವು ಸಂಘದ ಕೋಣೆಯಲ್ಲಿ ಕೂಡುತ್ತಿದ್ದೇವೆ, ಗುರುವ��ರ ಬಿಡುವಿಲ್ಲದ ನಿಮಗಾಗಿ. ಹೊಲಿಗೆ ಬರಬೇಕಾಗಿಲ್ಲ. ಕನ್ನಡ ಸರಿಯಾಗಿ ಬರದಿದ್ದರೂ ನಡೆಯುತ್ತದೆ, ಕಾಕೂ ಇದ್ದಾರಲ್ಲ. ನಮಗೆಲ್ಲ ಐವತ್ತು, ಅರವತ್ತು ದಾಟಿತು. ಕೈ ಇನ್ನೂ ಗಟ್ಟಿಯಾಗಿವೆ, ಆದರೆ ಸೂಜಿಯ ಕಣ್ಣು ಕಾಣುವುದಿಲ್ಲ. ಒಂದು ಸೂಜಿಗೆ ದಾರ ಪೋಣಿಸಲು ಹತ್ತು ನಿಮಿಷ ಹಿಡಿಯುತ್ತದೆ. ನಿಮ್ಮ ಕಣ್ಣು ಚುರುಕಾಗಿವೆ. ಬಂದು ನಮ್ಮ ಸೂಜಿಗಳಿಗೆ ದಾರ ಪೋಣಿಸಿ ಕೊಡಿ. ಚಹಾ, ಚೂಡಾ ನಮ್ಮದು.